ಕೊನೇ ಕಾಲಂನಲ್ಲಿ ಯಾರ ಹೆಸರು?

ಇವತ್ತು ರಾಜಕೀಯ ಇಲ್ಲ, ಅಧಿವೇಶನ ಇಲ್ಲ, ಯಾರು ಯಾರಿಗೆ ತಿರುಗೇಟು ಕೊಟ್ಟರು ಅನ್ನೋ ಸುದ್ದಿಯೂ ಇಲ್ಲ. ಒಂದು ಫಾರಂ ಬಗ್ಗೆ ಮಾತಾಡೋಣ. ಖಾಸಗಿ ಕಂಪನಿಗೆ ಅರ್ಜಿ ಹಾಕಿದವರಿಗೆಲ್ಲ ಗೊತ್ತಿರುವ ಫಾರಂ ಅದು. ಹೆಸರು, ವಿಳಾಸ, ಓದು, ಅಂಕ, ಅನುಭವ ಎಲ್ಲ ತುಂಬಿ ಕೊನೆಗೆ ಬಂದರೆ ಎರಡು ಖಾಲಿ ಜಾಗ. ರೆಫರೆನ್ಸ್ ಒಂದು, ರೆಫರೆನ್ಸ್ ಎರಡು. ಅವರ ಹೆಸರು, ಹುದ್ದೆ, ಫೋನ್ ನಂಬರ್, ಇ-ಮೇಲ್.

ಈ ಎರಡು ಜಾಗ ತುಂಬೋಕೆ ನಮ್ಮ ಹುಡುಗರು ಎಷ್ಟು ಹೊತ್ತು ತಗೋತಾರೆ? ಹೆಚ್ಚೆಂದರೆ ಎರಡು ನಿಮಿಷ. ಫೋನಿನಲ್ಲಿರುವ ನಂಬರ್‌ಗಳಲ್ಲಿ ಯಾರು ದೊಡ್ಡವರು ಅಂತ ನೋಡುತ್ತಾರೆ, ಹಾಕುತ್ತಾರೆ, ಮರೆಯುತ್ತಾರೆ. ಇಂಟರ್‌ವ್ಯೂ ಮೂರು ಸುತ್ತು ದಾಟಿ, ಸಂಬಳದ ಮಾತೂ ಆಗಿ, ಮನೆಯಲ್ಲಿ ಸಿಹಿ ಮಾಡಿದ ಮೇಲೆ ಕಂಪನಿ ಆ ನಂಬರಿಗೆ ಫೋನ್ ಮಾಡುತ್ತದೆ. ಕೆಲಸ ನಿಲ್ಲೋದು ಅಲ್ಲಿ. ಯಾಕೆ ನಿಂತಿತು ಅಂತ ಯಾರೂ ಹೇಳೋದೂ ಇಲ್ಲ. 'ನಿಮ್ಮ ಅರ್ಜಿ ಪರಿಶೀಲನೆಯಲ್ಲಿದೆ' ಅನ್ನೋ ಒಂದು ಮೇಲ್ ಬರುತ್ತದೆ, ಆಮೇಲೆ ಮೌನ.

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ. ಈ ಮೂರು ತಾಲೂಕುಗಳನ್ನು ಮುಂದಿಟ್ಟುಕೊಂಡೇ ಇದನ್ನು ಹೇಳುತ್ತೇನೆ. ಕಾರಣ ಇದೆ. ಇಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತು. ಬಸ್ ಸ್ಟ್ಯಾಂಡಿನಲ್ಲಿ ನಿಂತರೆ 'ನೀನು ಇಂಥವರ ಮಗ ಅಲ್ದನಾ?' ಅಂತ ಕೇಳುವವರು ಸಿಗುತ್ತಾರೆ. ಊರಿನಲ್ಲಿ ಬಾಡಿಗೆ ಮನೆ ಬೇಕಾದರೂ, ಅಂಗಡಿಯಲ್ಲಿ ಸಾಲ ಬೇಕಾದರೂ ಈ ಪರಿಚಯವೇ ಸಾಕು. ಇಂಥ ಊರಿನಿಂದ ಹೊರಟ ಹುಡುಗ, ಹುಡುಗಿ ಬೆಂಗಳೂರಿಗೆ ಬಂದಾಗ ಮೊದಲ ಸಲ ಒಂದು ವಿಚಿತ್ರ ಪ್ರಶ್ನೆ ಎದುರಿಸುತ್ತಾರೆ: ನೀನು ಯಾರ ಮಗ ಅನ್ನೋದು ನಮಗೆ ಬೇಡ, ನೀನು ಕೆಲಸ ಹೇಗೆ ಮಾಡ್ತೀಯ ಅಂತ ಹೇಳೋರು ಯಾರಿದ್ದಾರೆ?

ಇಲ್ಲಿ ಮೂರು ಬೇರೆ ಬೇರೆ ವಸ್ತುಗಳು ಒಂದೇ ಗೋಣಿಚೀಲದಲ್ಲಿ ಬಿದ್ದಿವೆ. ಬಿಡಿಸೋಣ.

ಮೊದಲನೆಯದು ವಶೀಲಿ. ಇದನ್ನು ವಿವರಿಸಬೇಕಾಗಿಲ್ಲ. ಅಧಿಕಾರ ಇದ್ದವರು 'ನಮ್ಮ ಹುಡುಗ, ನೋಡ್ಕೊಳ್ಳಿ' ಅಂತ ಹೇಳೋದು. ಎರಡನೆಯದು ರೆಫರಲ್. ಕಂಪನಿಯ ಒಳಗಿರುವ ನಿಮ್ಮ ಸೀನಿಯರ್ ನಿಮ್ಮ ಬಯೋಡೇಟಾವನ್ನು ಒಳಗಿನ ಪೋರ್ಟಲ್‌ಗೆ ಹಾಕೋದು. ನೀವು ಆಯ್ಕೆಯಾದರೆ ಎಷ್ಟೋ ಕಂಪನಿಗಳಲ್ಲಿ ಅವರಿಗೆ ಒಂದಿಷ್ಟು ಬೋನಸ್ ಕೂಡ ಸಿಗುತ್ತದೆ. ಅದು ಬಾಗಿಲು ತೆಗೆಸುವ ಕೆಲಸ, ಅಷ್ಟೆ. ಮೂರನೆಯದು ರೆಫರೆನ್ಸ್. ನಿಮ್ಮ ಕೆಲಸವನ್ನು ಹತ್ತಿರದಿಂದ ಕಂಡವರು, ಕೇಳಿದಾಗ, ಕಂಡದ್ದನ್ನು ಹೇಳೋದು. ಇದಕ್ಕೆ ಕನ್ನಡದಲ್ಲಿ ಶಿಫಾರಸು ಅನ್ನುವವರಿದ್ದಾರೆ. ನನಗೆ ಒಪ್ಪಿಗೆ ಇಲ್ಲ. ಸಾಕ್ಷಿ ಅನ್ನೋ ಪದವೇ ಸರಿ.

ನಾವು ನ್ಯೂಸ್ ರೂಮಿನಲ್ಲಿ ಏನು ಮಾಡ್ತೀವಿ? ಭದ್ರಾ ಹೊಳೆ ಉಕ್ಕಿ ಬಾಳೆಹೊನ್ನೂರು ಕಡೆ ರಸ್ತೆ ಮುಳುಗಿದೆ ಅಂತ ಸುದ್ದಿ ಬಂದರೆ ಯಾರಿಗೆ ಫೋನ್ ಮಾಡ್ತೀವಿ? ಮೊದಲು ಹೊಳೆ ದಡದ ಅಂಗಡಿಯವರಿಗೆ. ಮಂತ್ರಿಗಳ ಹೇಳಿಕೆ ಆಮೇಲೆ. ಯಾಕೆಂದರೆ ನೀರು ಕಣ್ಣಾರೆ ಕಂಡವರು ಅಂಗಡಿಯವರು. ರೆಫರೆನ್ಸ್ ಫೋನ್ ಕಾಲ್ ಕೂಡ ಹೀಗೇ ಇರುತ್ತೆ. ಫೋನ್ ಮಾಡಿದವರಿಗೆ ನೀರು ಎಷ್ಟು ಬಂದಿದೆ ಅಂತ ಗೊತ್ತಾಗಬೇಕು, ದೊಡ್ಡವರ ಆಶೀರ್ವಾದ ಬೇಡ.

ಮೂರೂ ತಾಲೂಕುಗಳು ಬರುವುದು ಶೃಂಗೇರಿ ಅನ್ನೋ ಒಂದೇ ವಿಧಾನಸಭಾ ಕ್ಷೇತ್ರದಲ್ಲಿ, ಶಾಸಕರು ಒಬ್ಬರೇ. ಯಾವ ಪಕ್ಷದವರೇ ಆಗಿರಲಿ, ತಮ್ಮ ಹೆಸರು ಎಷ್ಟು ಬಯೋಡೇಟಾಗಳಲ್ಲಿ ಕೂತಿದೆ ಅಂತ ಅವರಿಗೇ ಗೊತ್ತಿರಲಿಕ್ಕಿಲ್ಲ! ಕಂಪನಿಯ ಎಚ್‌ಆರ್ ಆ ನಂಬರಿಗೆ ಫೋನ್ ಮಾಡಿದರೆ ಎತ್ತುವವರು ಪಿಎ. 'ಸಾಹೇಬ್ರು ಮೀಟಿಂಗಲ್ಲಿದ್ದಾರೆ.' ಮುಗೀತು ಕಥೆ.

ಇದೇ ಕ್ಷೇತ್ರದ ಬಗ್ಗೆ ಇನ್ನೊಂದು ಮಾತನ್ನೂ ಹೇಳಲೇಬೇಕು. ಕೊಪ್ಪದ ಎಚ್.ಜಿ. ಗೋವಿಂದೇಗೌಡರು ಇಲ್ಲಿಂದಲೇ ಗೆದ್ದವರು. 1994ರಿಂದ 1999ರವರೆಗಿನ ಜನತಾದಳ ಆಡಳಿತದಲ್ಲಿ, ದೇವೇಗೌಡರು, ಆಮೇಲೆ ಜೆ.ಎಚ್. ಪಟೇಲರು ಮುಖ್ಯಮಂತ್ರಿಯಾಗಿದ್ದಾಗ, ಶಿಕ್ಷಣ ಸಚಿವರಾಗಿದ್ದವರು. ವಶೀಲಿ ಇಲ್ಲದೆ, ಲಂಚ ಇಲ್ಲದೆ, ಅಂಕದ ಮೇಲೆ ದೊಡ್ಡ ಸಂಖ್ಯೆಯಲ್ಲಿ ಪ್ರಾಥಮಿಕ ಶಾಲಾ ಶಿಕ್ಷಕರ ನೇಮಕ ಮಾಡಿದ್ದಕ್ಕೆ ರಾಜ್ಯದ ಜನ ಇವತ್ತಿಗೂ ಅವರ ಹೆಸರು ತೆಗೆಯುತ್ತಾರೆ. 2016ರಲ್ಲಿ ಅವರು ತೀರಿಕೊಂಡಾಗ ಎಷ್ಟೋ ಮೇಷ್ಟ್ರುಗಳು ನೆನೆದದ್ದು ಇದನ್ನೇ: ಯಾರ ಕಾಲೂ ಹಿಡಿಯದೆ ನನಗೆ ನೌಕರಿ ಬಂತು. ಪಟ್ಟಿಯಲ್ಲಿ ಅಂಕ ಇದ್ದರೆ ಸಾಕು, ಮಾತಾಡೋರು ಬೇಡ. ಅದು ಸರ್ಕಾರಿ ನೇಮಕಾತಿಯ ದಾರಿ, ಅದು ಹಾಗೇ ಇರಬೇಕು.

ಆದರೆ ಖಾಸಗಿ ಕಂಪನಿಗೆ ಆ ಥರದ ಮೆರಿಟ್ ಲಿಸ್ಟ್ ಇಲ್ಲ. ಹತ್ತು ಕಾಲೇಜುಗಳ, ಹತ್ತು ಥರದ ಅನುಭವದ ಜನರನ್ನು ಒಂದು ಗಂಟೆಯ ಇಂಟರ್‌ವ್ಯೂನಲ್ಲಿ ಅಳೆಯಬೇಕು. ಇಂಟರ್‌ವ್ಯೂನಲ್ಲಿ ಎಲ್ಲರೂ ಒಳ್ಳೆಯವರೇ. ಹಾಗಾಗಿ ಹಿಂದೆ ಇವರ ಜೊತೆ ಕೆಲಸ ಮಾಡಿದವರನ್ನು ಕೇಳುತ್ತಾರೆ.

ಗೊಂದಲಕ್ಕೆ ಇನ್ನೊಂದು ಮೂಲ ಇದೆ. ಪಾಸ್‌ಪೋರ್ಟ್ ಅರ್ಜಿಯಲ್ಲಿ ನಿಮ್ಮ ಊರಿನ ಇಬ್ಬರು ಗೌರವಸ್ಥರ ಹೆಸರು, ವಿಳಾಸ ಕೇಳುವ ಪದ್ಧತಿ ಇದೆ. ಸರ್ಕಾರಿ ನೌಕರಿ ಸಿಕ್ಕ ಮೇಲೆ ಪೊಲೀಸ್ ಪರಿಶೀಲನೆಗೆ ತುಂಬುವ ಫಾರಂನಲ್ಲೂ ಹಾಗೇ ಕೇಳುತ್ತಾರೆ. ಅಲ್ಲಿ ಪಂಚಾಯಿತಿ ಸದಸ್ಯರು, ಪಕ್ಕದ ಮನೆಯ ನಿವೃತ್ತ ಮೇಷ್ಟ್ರು, ಡಾಕ್ಟರು ಎಲ್ಲ ನಡೆಯುತ್ತದೆ. ಅಲ್ಲಿನ ಪ್ರಶ್ನೆ 'ಈ ಮನುಷ್ಯ ಇದೇ ಊರಿನವನಾ, ನಡತೆ ಸರಿ ಇದೆಯಾ' ಅನ್ನೋದು. ನಮ್ಮ ಅಪ್ಪಂದಿರ ಕಾಲದಲ್ಲಿ ರೆಫರೆನ್ಸ್ ಅಂದರೆ ಇಷ್ಟೇ. ಅದಕ್ಕೇ ಅವರು ಮಗನಿಗೂ ಅದೇ ಸಲಹೆ ಕೊಡುತ್ತಾರೆ: 'ಗೌಡ್ರ ಹೆಸ್ರು ಹಾಕು, ಮರ್ಯಾದಸ್ಥರು.' ಗೌಡ್ರು ಮರ್ಯಾದಸ್ಥರು ಹೌದು. ಆದರೆ ಹುಡುಗ ಎಕ್ಸೆಲ್ ಶೀಟಿನಲ್ಲಿ ಲೆಕ್ಕ ತಪ್ಪು ಮಾಡ್ತಾನಾ ಇಲ್ವಾ ಅಂತ ಗೌಡ್ರಿಗೆ ಹೇಗೆ ಗೊತ್ತಾಗಬೇಕು?

ಕಂಡವರ ಮಾತಿಗೆ ಎಷ್ಟು ತೂಕ ಅನ್ನೋದಕ್ಕೆ ಹಳೆಯದೊಂದು ಉದಾಹರಣೆ. ಗಣಿತಜ್ಞ ಶ್ರೀನಿವಾಸ ರಾಮಾನುಜನ್. ಡಿಗ್ರಿ ಇಲ್ಲ, ಕಾಲೇಜು ಪರೀಕ್ಷೆಯಲ್ಲಿ ಫೇಲು. 1912ರಲ್ಲಿ ಮದ್ರಾಸ್ ಪೋರ್ಟ್ ಟ್ರಸ್ಟಿನ ಗುಮಾಸ್ತೆ ಕೆಲಸಕ್ಕೆ ಅರ್ಜಿ ಹಾಕಿದಾಗ ಜೊತೆಗಿದ್ದದ್ದು ಪ್ರೆಸಿಡೆನ್ಸಿ ಕಾಲೇಜಿನ ಗಣಿತದ ಪ್ರೊಫೆಸರ್ ಮಿಡಲ್‌ಮಾಸ್ಟ್ ಅವರ ಪತ್ರ. ಅರ್ಜಿದಾರನ ಗಣಿತದ ಸಾಮರ್ಥ್ಯದ ಬಗ್ಗೆ ಗಣಿತ ಗೊತ್ತಿದ್ದವರೊಬ್ಬರ ಮಾತು. ಕೆಲಸ ಸಿಕ್ಕಿತು, ತಿಂಗಳಿಗೆ 30 ರೂಪಾಯಿ ಸಂಬಳ. ಮುಂದಿನ ವರ್ಷ ಅದೇ ಗುಮಾಸ್ತೆ ಕೇಂಬ್ರಿಡ್ಜಿನ ಹಾರ್ಡಿಗೆ ಪತ್ರ ಬರೆದದ್ದು ಎಲ್ಲರಿಗೂ ಗೊತ್ತಿರುವ ಕಥೆ.

ಸರಿ, ಈಗ ಆ ಫೋನಿನಲ್ಲಿ ಏನು ಕೇಳ್ತಾರೆ? ನನ್ನ ಜೊತೆ ಇಂಜಿನಿಯರಿಂಗ್ ಓದಿದ ಗೆಳೆಯರು ಈಗ ಕಂಪನಿಗಳಲ್ಲಿ ಟೀಮ್ ನಡೆಸುತ್ತಿದ್ದಾರೆ, ಅವರೇ ಈ ಕಾಲ್ ಮಾಡುವವರು. ಅವರು ಹೇಳುವ ಪ್ರಶ್ನೆಗಳು ಬಹಳ ಸರಳ. ಇವರು ನಿಮಗೆ ಹೇಗೆ ಗೊತ್ತು? ಎಷ್ಟು ಸಮಯ ಜೊತೆಗೆ ಕೆಲಸ ಮಾಡಿದ್ದೀರಿ? ಏನು ಕೆಲಸ ಮಾಡುತ್ತಿದ್ದರು? ಯಾವುದರಲ್ಲಿ ಗಟ್ಟಿ? ಯಾವುದರಲ್ಲಿ ಇನ್ನೂ ಕಲಿಯಬೇಕು? ಅವಕಾಶ ಸಿಕ್ಕಿದರೆ ಮತ್ತೆ ಇವರನ್ನು ಕೆಲಸಕ್ಕೆ ತಗೋತೀರಾ? ಕೊನೇ ಪ್ರಶ್ನೆ ನೋಡಿ, ಅದೇ ಮುಖ್ಯ. ಅದಕ್ಕೆ ಉತ್ತರ ಬರುವ ಮುಂಚೆ ಎರಡು ಸೆಕೆಂಡ್ ಮೌನ ಬಂದರೆ, ಆ ಮೌನವನ್ನೇ ಅವರು ಬರೆದುಕೊಳ್ಳುತ್ತಾರೆ.

'ಒಳ್ಳೆ ಹುಡುಗ, ಒಳ್ಳೆ ಮನೆತನ, ದುಶ್ಚಟ ಏನಿಲ್ಲ.' ಈ ಉತ್ತರಕ್ಕೆ ಎಷ್ಟು ಅಂಕ? ಸೊನ್ನೆ. ಮಾಮೂಲಿ ಹೊಗಳಿಕೆಯಿಂದ ಏನೂ ತಿಳಿಯೋದಿಲ್ಲ ಅನ್ನೋದು ಸಂಶೋಧನೆಯಲ್ಲೂ ಬಂದಿದೆ. 1998ರಲ್ಲಿ ಫ್ರಾಂಕ್ ಷ್ಮಿಟ್, ಜಾನ್ ಹಂಟರ್ ಅನ್ನೋ ಇಬ್ಬರು ಅಮೆರಿಕದ ಮನಶ್ಶಾಸ್ತ್ರಜ್ಞರು 85 ವರ್ಷಗಳ ಅಧ್ಯಯನಗಳನ್ನು ಒಟ್ಟು ಹಾಕಿದರು. ಯಾವ ವಿಧಾನದಿಂದ ಆಯ್ಕೆ ಮಾಡಿದರೆ ಮುಂದಿನ ಕೆಲಸದ ಬಗ್ಗೆ ಎಷ್ಟು ಸರಿಯಾಗಿ ಊಹಿಸಬಹುದು ಅಂತ ಅಳೆದರು. ಪೂರ್ತಿ ಸರಿಯಾದರೆ 1, ಏನೂ ತಿಳಿಯದಿದ್ದರೆ 0. ಎದುರಿಗೆ ಕೂರಿಸಿ ಕೆಲಸ ಮಾಡಿಸಿ ನೋಡುವ ಪರೀಕ್ಷೆಗೆ 0.54 ಬಂತು. ರೆಫರೆನ್ಸ್ ವಿಚಾರಣೆಗೆ ಬಂದದ್ದು 0.26. ಅರ್ಧಕ್ಕಿಂತ ಕಡಿಮೆ. ಎಲ್ಲರೂ ಎಲ್ಲರನ್ನೂ ಹೊಗಳಿದರೆ ಆ ಹೊಗಳಿಕೆಗೆ ಬೆಲೆ ಎಲ್ಲಿಂದ ಬರಬೇಕು? ಹಾಗಾಗಿ ಕೆಲಸಕ್ಕೆ ಬರೋದು ನಿರ್ದಿಷ್ಟವಾದ ಒಂದು ಸಂಗತಿ. 'ಸ್ಟಾಕ್ ರಿಜಿಸ್ಟರಿಗೂ ಗೋದಾಮಿಗೂ ತಾಳೆ ಬರದೇ ಇದ್ದಾಗ ಎರಡು ದಿನ ಕೂತು ಹುಡುಕಿ ಸರಿ ಮಾಡಿದಳು.' ಇಂಥ ಒಂದು ವಾಕ್ಯ ಹೇಳುವವರು ಬೇಕು.

ಅಂಥವರು ಯಾರು? 'ನಂಗೆ ಅನುಭವವೇ ಇಲ್ಲ, ಈಗಷ್ಟೇ ಡಿಗ್ರಿ ಮುಗೀತು, ನನ್ನ ಕೆಲಸ ನೋಡಿದವರು ಯಾರಿದ್ದಾರೆ?' ಅಂತ ಕೇಳುವ ಮಕ್ಕಳಿಗೆ ಹೇಳೋದು: ಇದ್ದಾರೆ, ನಿಮಗೆ ಅವರು ದೊಡ್ಡವರಾಗಿ ಕಾಣ್ತಿಲ್ಲ ಅಷ್ಟೆ. ರಜೆಯಲ್ಲಿ ಕಾಫಿ ತೋಟದ ಆಫೀಸಿನಲ್ಲಿ ಕೂಲಿ ಲೆಕ್ಕ ಬರೆದಿದ್ದೀರಾ? ಆ ತೋಟದ ರೈಟ್ರು ನಿಮ್ಮ ರೆಫರೆನ್ಸ್. ಸಾಹುಕಾರ್ರು ಬೇಡ, ರೈಟ್ರು. ಅವರು ದಿನಾ ನಿಮ್ಮ ಪುಸ್ತಕ ನೋಡಿದವರು. ಅಡಿಕೆ ಮಂಡಿಯಲ್ಲಿ ತೂಕದ ಚೀಟಿ ಬರೆದಿದ್ದರೆ ಮಂಡಿಯ ಗುಮಾಸ್ತರು. ಸಹಕಾರ ಸಂಘದಲ್ಲಿ ಆರು ತಿಂಗಳು ಕಂಪ್ಯೂಟರ್ ಎಂಟ್ರಿ ಮಾಡಿದ್ದರೆ ಸೊಸೈಟಿ ಸೆಕ್ರೆಟರಿ. ಶೃಂಗೇರಿಯಲ್ಲಿ ನವರಾತ್ರಿ ಸಮಯದಲ್ಲಿ ಲಾಡ್ಜಿನ ಕೌಂಟರ್‌ನಲ್ಲಿ ನಿಂತು ಯಾತ್ರಿಕರನ್ನು ಸಂಭಾಳಿಸಿದ್ದರೆ ಆ ಲಾಡ್ಜಿನ ಮ್ಯಾನೇಜರು. ಗದ್ದಲದಲ್ಲಿ ತಲೆ ಕೆಡಿಸಿಕೊಳ್ಳದೆ ಕೆಲಸ ಮಾಡ್ತೀರಿ ಅಂತ ಅವರಿಗಿಂತ ಚೆನ್ನಾಗಿ ಯಾರು ಹೇಳಬಲ್ಲರು? ಎನ್ನೆಸ್ಸೆಸ್ ಕ್ಯಾಂಪಿನಲ್ಲಿ ನೂರು ಜನರ ಊಟದ ಜವಾಬ್ದಾರಿ ಹೊತ್ತಿದ್ದರೆ ಆ ಎನ್ನೆಸ್ಸೆಸ್ ಅಧಿಕಾರಿ.

ಕಾಲೇಜಿನ ವಿಷಯದಲ್ಲಿ ಪ್ರಿನ್ಸಿಪಾಲರ ಹೆಸರು ಹಾಕುವ ಆಸೆ ಎಲ್ಲರಿಗೂ. ಅವರು ನಿಮ್ಮ ಟಿಸಿಗೆ ಸಹಿ ಹಾಕಿದವರು, ನಿಮ್ಮ ಪ್ರಾಜೆಕ್ಟ್ ನೋಡಿದವರಲ್ಲ. ಪ್ರಾಜೆಕ್ಟ್ ತಿದ್ದಿದ ಮೇಡಂ ಅತಿಥಿ ಉಪನ್ಯಾಸಕಿ ಆಗಿದ್ದರೂ ಪರವಾಗಿಲ್ಲ, ಅವರದ್ದೇ ಹಾಕಿ. ಒಂದು ಎಚ್ಚರಿಕೆ: ಸರ್ಕಾರಿ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕರ ನೇಮಕ ವರ್ಷ ವರ್ಷಕ್ಕೆ ಬದಲಾಗುತ್ತದೆ. ಮುಂದಿನ ವರ್ಷ ಅವರು ಕೊಪ್ಪದಲ್ಲಿರದೆ ತೀರ್ಥಹಳ್ಳಿಯಲ್ಲೋ ಕಡೂರಿನಲ್ಲೋ ಇರಬಹುದು. ಕಾಲೇಜಿನ ನಂಬರಿಗೆ ಫೋನ್ ಮಾಡಿದರೆ 'ಆ ಹೆಸರಿನವರು ಇಲ್ಲಿಲ್ಲ' ಅನ್ನೋ ಉತ್ತರ ಬರುತ್ತದೆ. ಎಚ್‌ಆರ್ ಕಿವಿಗೆ ಅದು ಸುಳ್ಳು ಹೆಸರು ಕೊಟ್ಟ ಹಾಗೆ ಕೇಳಿಸುತ್ತೆ. ಕಾಲೇಜು ಬಿಡುವ ಮುಂಚೆ ಅವರ ಸ್ವಂತ ನಂಬರ್, ಸ್ವಂತ ಇ-ಮೇಲ್ ಇಸ್ಕೊಳ್ಳಿ.

ಸಂಬಂಧಿಕರ ಹೆಸರು ಬೇಡವೇ ಬೇಡ. ಸೋದರಮಾವನ ಅಂಗಡಿಯಲ್ಲೇ ಕೆಲಸ ಮಾಡಿದ್ದರೂ, ಅಲ್ಲಿ ಲೆಕ್ಕ ನೋಡಿದ ಆಡಿಟರ್ ಇದ್ದರೆ ಅವರನ್ನು ಕೇಳಿ.

ಈಗ ಕೇಳುವ ವಿಷಯ. ಜಯಪುರ ಕಡೆಯ ಒಬ್ಬ ಹುಡುಗ ಅಂತ ಇಟ್ಟುಕೊಳ್ಳಿ. ತೋಟದ ರೈಟ್ರ ಹೆಸರು ಹಾಕಿದ್ದಾನೆ, ಆದರೆ ಅವರಿಗೆ ಹೇಳಿಲ್ಲ. ಬೆಂಗಳೂರಿನಿಂದ ಫೋನ್ ಬರುತ್ತೆ. 'ಯಾರು? ಯಾವ ಹುಡುಗ? ಆ, ಹೌದು ಹೌದು, ಇದ್ದ ಒಬ್ಬ.' ಸಂಜೆ ಹುಡುಗನಿಗೆ ಬೈಗುಳ: 'ನಂದು ಹೆಸ್ರು ಹಾಕಿದ್ರೆ ಒಂದು ಮಾತು ಹೇಳೋದಲ್ದನಾ ಮಾರಾಯ? ನಾನು ಎಂತ ಹೇಳ್ಬೇಕಿತ್ತು?' ಬೈಗುಳ ನ್ಯಾಯವೇ. ಒಬ್ಬರ ಫೋನ್ ನಂಬರನ್ನು ಅವರನ್ನು ಕೇಳದೆ ಇನ್ನೊಬ್ಬರಿಗೆ ಕೊಡೋದು ಸರಿಯಲ್ಲ. ವೈಯಕ್ತಿಕ ಮಾಹಿತಿಯ ರಕ್ಷಣೆಗೆ 2023ರಲ್ಲಿ ಸಂಸತ್ತು ಒಂದು ಕಾನೂನನ್ನೇ ಮಾಡಿದೆ. ಕಾನೂನು ಆಚೆ ಇರಲಿ, ಇದು ಮರ್ಯಾದೆಯ ವಿಷಯ.

ಹೇಗೆ ಕೇಳಬೇಕು ಅನ್ನೋದರಲ್ಲೂ ಒಂದು ಸೂಕ್ಷ್ಮ ಇದೆ. 'ಸಾರ್, ನಿಮ್ಮ ಹೆಸ್ರು ಹಾಕ್ಲಾ?' ಅಂದರೆ ಮಲೆನಾಡಿನಲ್ಲಿ ಯಾರೂ ಬೇಡ ಅನ್ನೋದಿಲ್ಲ. ದಾಕ್ಷಿಣ್ಯ. ಮನಸ್ಸಿಲ್ಲದಿದ್ದರೂ 'ಹಾಕಪ್ಪ' ಅಂತಾರೆ. ಅದರ ಬದಲು ಹೀಗೆ ಕೇಳಿ: 'ಸಾರ್, ನನ್ನ ಕೆಲಸದ ಬಗ್ಗೆ ಧೈರ್ಯವಾಗಿ ಒಳ್ಳೇದು ಹೇಳಬಹುದು ಅಂತ ನಿಮಗೆ ಅನ್ಸುತ್ತಾ? ಇಲ್ಲ ಅಂದ್ರೂ ಬೇಜಾರಿಲ್ಲ, ಬೇರೆಯವರನ್ನ ಕೇಳ್ತೀನಿ.' ಹೊರಗೆ ಹೋಗೋಕೆ ಬಾಗಿಲು ತೆಗೆದಿಟ್ಟು ಕೇಳಬೇಕು. 'ನೋಡಣ, ಈಗ ಸ್ವಲ್ಪ ಬಿಜಿ ಇದೀನಿ' ಅಂತ ಉತ್ತರ ಬಂದರೆ ಅರ್ಥ ಮಾಡ್ಕೊಳ್ಳಿ, ಒತ್ತಾಯ ಮಾಡಬೇಡಿ. ಅರೆಮನಸ್ಸಿನ ರೆಫರೆನ್ಸ್‌ಗಿಂತ ಒಬ್ಬರು ಕಡಿಮೆ ಇರೋದೇ ವಾಸಿ.

ಒಪ್ಪಿದರು ಅನ್ನಿ. ಆವಾಗ ಅವರ ಕೆಲಸ ಹಗುರ ಮಾಡಿ. ಯಾವ ಕಂಪನಿ, ಯಾವ ಹುದ್ದೆ, ಯಾವಾಗ ಫೋನ್ ಬರಬಹುದು, ಇಷ್ಟನ್ನು ವಾಟ್ಸ್ಆ್ಯಪ್‌ನಲ್ಲಿ ಕಳಿಸಿ. ನಿಮ್ಮ ಬಯೋಡೇಟಾನೂ ಕಳಿಸಿ, ಅದರಲ್ಲಿರುವ ತಾರೀಖಿಗೂ ಅವರು ಹೇಳುವ ತಾರೀಖಿಗೂ ತಾಳೆ ಇರಲಿ. 'ನಾನು ನಿಮ್ಮ ಹತ್ರ ಇದ್ದಾಗ ಈ ಎರಡು ಕೆಲಸ ಮಾಡಿದ್ದೆ, ನೆನಪಿದ್ಯಾ ಸಾರ್' ಅಂತ ನೆನಪಿಸೋದು ತಪ್ಪಲ್ಲ. ಆಗದೇ ಇದ್ದದ್ದನ್ನು ಹೇಳಿಸೋದು ತಪ್ಪು. ಗೆರೆ ಎಲ್ಲಿದೆ ಅಂತ ನಿಮಗೂ ಗೊತ್ತು, ಅವರಿಗೂ ಗೊತ್ತು.

ಇನ್ನು ನಮ್ಮ ಭಾಗದ್ದೇ ಆದ ತೊಂದರೆಗಳು. ಬೆಂಗಳೂರಿನ ಎಚ್‌ಆರ್ ಪುಸ್ತಕದಲ್ಲಿ ಇವು ಇಲ್ಲ.

ನೆಟ್‌ವರ್ಕ್. ಕಿಗ್ಗ, ಬೇಗಾರು, ಮುತ್ತಿನಕೊಪ್ಪ, ಎಲ್ಲಿಯದೇ ಹೇಳಿ, ಮನೆಯ ಒಂದು ಮೂಲೆಯಲ್ಲಿ ಎರಡು ಗೆರೆ ಸಿಗ್ನಲ್ ಬಂದರೆ ಅದೇ ಭಾಗ್ಯ ಅನ್ನುವ ಮನೆಗಳು ಎಷ್ಟಿಲ್ಲ? ಮಳೆಗಾಲದಲ್ಲಿ ಕರೆಂಟ್ ಹೋದರೆ ಟವರ್ ಕೂಡ ಸುಸ್ತು. ಎಚ್‌ಆರ್ ಎರಡು ಸಲ ಪ್ರಯತ್ನ ಮಾಡಿ 'ಸಂಪರ್ಕಕ್ಕೆ ಸಿಗಲಿಲ್ಲ' ಅಂತ ಬರೆದು ಮುಂದೆ ಹೋಗುತ್ತಾರೆ. ಅದಕ್ಕೆ ಎರಡನೇ ನಂಬರ್ ಕೊಡಿ, ಲ್ಯಾಂಡ್‌ಲೈನ್ ಇದ್ದರೆ ಅದನ್ನೂ ಕೊಡಿ. ಜೊತೆಗೆ ಒಂದು ಸಾಲು ಸೇರಿಸಿ: 'ಸಂಜೆ 7ರ ನಂತರ ವಾಟ್ಸ್ಆ್ಯಪ್ ಕರೆಗೆ ಸಿಗುತ್ತಾರೆ.' ಅಡಿಕೆ ಕೊನೆ ತೆಗೆಯುವ ಕಾಲ, ಕಾಫಿ ಕೊಯ್ಲಿನ ಕಾಲದಲ್ಲಿ ಹಗಲು ಹೊತ್ತು ರೈಟ್ರು ಫೋನಿಗೆ ಸಿಗೋದೇ ಇಲ್ಲ. ಅದನ್ನೂ ಹೇಳಬಹುದು. ಕಂಪನಿಯವರೂ ಮನುಷ್ಯರೇ, ಕಾರಣ ಗೊತ್ತಾದರೆ ಕಾಯುತ್ತಾರೆ.

ಭಾಷೆ. ಫೋನ್ ಮಾಡುವ ಹುಡುಗಿ ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಶುರು ಮಾಡುತ್ತಾಳೆ. ನಮ್ಮ ಮಂಡಿ ಗುಮಾಸ್ತರು 'ರಾಂಗ್ ನಂಬರ್' ಅಂತ ಇಡುತ್ತಾರೆ. 'ಇವರ ಜೊತೆ ಕನ್ನಡದಲ್ಲಿ ಮಾತಾಡಿದರೆ ಅನುಕೂಲ' ಅಂತ ಫಾರಂನಲ್ಲೇ ಬರೆಯಿರಿ. ಇದರಲ್ಲಿ ನಾಚಿಕೆ ಎಂತದ್ದೂ ಇಲ್ಲ. ಕರ್ನಾಟಕದಲ್ಲಿ ಆಫೀಸು ನಡೆಸುವ ಕಂಪನಿಯಲ್ಲಿ ಕನ್ನಡ ಬರುವ ಒಬ್ಬರು ಸಿಗದೇ ಇರ್ತಾರಾ?

ಮೂರನೆಯದಕ್ಕೆ ನಾವೂ, ಅಂದರೆ ಟಿವಿಯವರೂ ಪಾಲುದಾರರು. ಸೈಬರ್ ವಂಚನೆ, ಡಿಜಿಟಲ್ ಅರೆಸ್ಟ್, ಒಟಿಪಿ ಮೋಸ ಅಂತ ದಿನಾ ತೋರಿಸಿ ತೋರಿಸಿ, ಗೊತ್ತಿಲ್ಲದ ನಂಬರ್ ಎತ್ತಲೇಬೇಡಿ ಅಂತ ಹಿರಿಯರಿಗೆ ಪಾಠ ಮಾಡಿದ್ದೇವೆ. ಪಾಠ ಚೆನ್ನಾಗಿಯೇ ನಾಟಿದೆ. ಈಗ ಅವರು ಎಚ್‌ಆರ್ ಫೋನನ್ನೂ ಎತ್ತುತ್ತಿಲ್ಲ. ಹಾಗಾಗಿ ಯಾವ ನಂಬರಿನಿಂದ, ಯಾವ ವಾರ ಫೋನ್ ಬರುತ್ತೆ ಅಂತ ಮೊದಲೇ ಕಂಪನಿಯಿಂದ ತಿಳಿದುಕೊಂಡು ಅವರಿಗೆ ಹೇಳೋದು ನಿಮ್ಮ ಜವಾಬ್ದಾರಿ.

ಇಷ್ಟು ಹೊತ್ತು ಓದಿದ ಮಕ್ಕಳ ಮಾತಾಯಿತು. ಕೆಲಸ ಮಾಡಿದ ಸಂಸ್ಥೆಯೇ ಮುಚ್ಚಿಹೋದರೆ? ಇದು ಕೊಪ್ಪದವರಿಗೆ ಕಲ್ಪನೆಯ ಪ್ರಶ್ನೆ ಅಲ್ಲ.

ಸಹಕಾರ ಸಾರಿಗೆ ನೆನಪಿದೆಯಾ? ಶಂಕರ್ ಟ್ರಾನ್ಸ್‌ಪೋರ್ಟ್ ಅನ್ನೋ ಖಾಸಗಿ ಬಸ್ ಕಂಪನಿ ಬಾಗಿಲು ಹಾಕಿದಾಗ ಅದರ ಕಾರ್ಮಿಕರೇ ಒಟ್ಟು ಸೇರಿ 1991ರಲ್ಲಿ ಕೊಪ್ಪದಲ್ಲಿ ಕಟ್ಟಿದ ಸಹಕಾರ ಸಂಘ. ಡ್ರೈವರ್, ಕಂಡಕ್ಟರ್, ಮೆಕ್ಯಾನಿಕ್ಕುಗಳೇ ಮಾಲೀಕರು. ಮಲೆನಾಡಿನ ಒಳ ಊರುಗಳಿಗೆ ಅವರ ಬಸ್ಸೇ ಗತಿ ಅನ್ನುವ ಕಾಲ ಇತ್ತು. ದೂರದೂರದವರು ಬಂದು ಇದನ್ನೊಂದು ಮಾದರಿ ಅಂತ ನೋಡಿ ಹೋಗುತ್ತಿದ್ದರು. ಡೀಸೆಲ್ ಬೆಲೆ, ತೆರಿಗೆ, ನಷ್ಟ ಎಲ್ಲ ಸೇರಿ 2020ರ ಫೆಬ್ರವರಿಯಲ್ಲಿ ಬಸ್ಸುಗಳು ನಿಂತವು. ಮುಂದಿನ ತಿಂಗಳೇ ಕೊರೊನಾ ಲಾಕ್‌ಡೌನ್. ಇಪ್ಪತ್ತು ಇಪ್ಪತ್ತೈದು ವರ್ಷ ಘಾಟಿಯಲ್ಲಿ ಬಸ್ ಓಡಿಸಿದ ಕೈಗಳು ಒಂದೇ ಸಲ ಖಾಲಿ.

ಅಂಥ ಒಬ್ಬ ಡ್ರೈವರ್ ಬೇರೆ ಕಡೆ ಕೆಲಸ ಕೇಳಲು ಹೋದರೆ ಹಳೇ ಆಫೀಸಿಗೆ ಫೋನ್ ಮಾಡಿ ವಿಚಾರಿಸುವುದು ಎಲ್ಲಿಂದ? ಸಂಸ್ಥೆ ಹೋದರೂ ಕಂಡವರು ಹೋಗಿಲ್ಲ. ಡಿಪೋದಲ್ಲಿ ಪಾಳಿ ಹಂಚುತ್ತಿದ್ದವರು ಇದ್ದಾರೆ. ಗಾಡಿ ಸರ್ವೀಸ್ ನೋಡುತ್ತಿದ್ದ ಮೆಕ್ಯಾನಿಕ್ ಇದ್ದಾರೆ. ಡ್ರೈವರ್ ಗಾಡಿಯನ್ನು ಹೇಗೆ ಇಟ್ಟುಕೊಳ್ಳುತ್ತಾನೆ ಅಂತ ಮೆಕ್ಯಾನಿಕ್‌ಗಿಂತ ಚೆನ್ನಾಗಿ ಬಲ್ಲವರಿಲ್ಲ. ಹತ್ತು ವರ್ಷ ಅದೇ ಬಸ್ಸಿನಲ್ಲಿ ಶಾಲೆಗೆ ಹೋಗಿಬಂದ ಮೇಷ್ಟ್ರು ಇದ್ದಾರೆ. ಶಾಲಾ ಬಸ್ಸಿನ ಕೆಲಸಕ್ಕೆ ಆ ಮೇಷ್ಟ್ರ ಮಾತಿಗಿಂತ ದೊಡ್ಡ ಸಾಕ್ಷಿ ಯಾವುದು? ಗಿರಾಕಿಗಳು, ಪ್ರಯಾಣಿಕರು ರೆಫರೆನ್ಸ್ ಆಗಬಹುದು ಅನ್ನೋದೇ ನಮಗೆ ಹೊಳೆಯೋದಿಲ್ಲ.

ಮತ್ತೆ ಕಾಗದ. ಸಂಸ್ಥೆ ಕುಂಟುತ್ತಿದೆ ಅಂತ ಗೊತ್ತಾದ ದಿನವೇ ಸೇವಾ ಪ್ರಮಾಣಪತ್ರ, ಸಂಬಳದ ಚೀಟಿ, ಪಿಎಫ್ ವಿವರ ತೆಗೆದಿಟ್ಟುಕೊಳ್ಳಿ. ಬೀಗ ಬಿದ್ದ ಮೇಲೆ ಸೀಲು ಹಾಕಿಕೊಡೋಕೆ ಯಾರೂ ಇರೋದಿಲ್ಲ. ಪಿಎಫ್‌ಗೆ 2014ರಿಂದ ಯುಎಎನ್ ಅನ್ನೋ ಒಂದೇ ನಂಬರ್ ಬಂದಿದೆ. ನೀವು ಎಷ್ಟು ಕಡೆ ಕೆಲಸ ಬದಲಾಯಿಸಿದರೂ ಅದೇ ನಂಬರ್ ಜೊತೆಗೆ ಬರುತ್ತದೆ, ಪಿಎಫ್ ಕಟ್ಟಿದ ಕಂಪನಿ ಯಾವುದು, ಯಾವ ತಿಂಗಳಿಂದ ಯಾವ ತಿಂಗಳವರೆಗೆ ಅಂತ ಅದರಲ್ಲೇ ಇರುತ್ತದೆ.

ಇದು ಎರಡು ಕಡೆ ಹರಿತ ಇರುವ ಕತ್ತಿ. ಇದ್ದ ಅನುಭವವನ್ನು ತೋರಿಸುತ್ತದೆ, ಇಲ್ಲದ ಅನುಭವವನ್ನೂ ತೋರಿಸಿಕೊಡುತ್ತದೆ. ದುಡ್ಡು ಕೊಟ್ಟರೆ ಅನುಭವ ಪತ್ರವನ್ನೂ, ಫೋನ್ ಎತ್ತಿ 'ಹೌದು, ನಮ್ಮಲ್ಲೇ ಇದ್ದರು' ಅನ್ನುವ ಧ್ವನಿಯನ್ನೂ ಮಾರುವವರಿದ್ದಾರೆ. ಊರಿನಿಂದ ಬಂದು ಪಿಜಿಯಲ್ಲಿ ಆರು ತಿಂಗಳು ಕೂತು ಕಂಗಾಲಾದ ಹುಡುಗರೇ ಅವರ ಗಿರಾಕಿಗಳು. 2022ರಲ್ಲಿ ಆಕ್ಸೆಂಚರ್ ಕಂಪನಿ, ಅಸ್ತಿತ್ವದಲ್ಲೇ ಇಲ್ಲದ ಕಂಪನಿಗಳ ಅನುಭವ ಪತ್ರ ಕೊಟ್ಟಿದ್ದವರನ್ನು ಭಾರತದಲ್ಲಿ ಕೆಲಸದಿಂದ ತೆಗೆದದ್ದಾಗಿ ತಾನೇ ಹೇಳಿಕೊಂಡಿತು. ಸಿಕ್ಕಿಬಿದ್ದವರ ಮುಂದಿನ ಅರ್ಜಿಗೆ ಯಾರು ರೆಫರೆನ್ಸ್ ಕೊಡ್ತಾರೆ, ಯೋಚನೆ ಮಾಡಿ. ಒಂದು ವರ್ಷದ ಖಾಲಿ ಜಾಗವನ್ನು 'ಆ ವರ್ಷ ಮನೆಯ ತೋಟ ನೋಡ್ಕೊಂಡೆ' ಅಂತ ನೇರವಾಗಿ ಹೇಳಬಹುದು. ಅದು ಕೆಲಸವೇ ತಾನೇ?

ಈಗಿರುವ ಬಾಸ್‌ಗೆ ಗೊತ್ತಾಗಬಾರದು ಅನ್ನುವವರ ಸಮಸ್ಯೆ ನಿಜವಾದದ್ದು. ಅವರ ನಂಬರ್ ಕೊಡಬೇಡಿ. 'ಆಫರ್ ಲೆಟರ್ ಕೈಗೆ ಬಂದ ಮೇಲೆ ಸಂಪರ್ಕಿಸಬಹುದು' ಅಂತ ಬರೆಯಿರಿ, ಇದು ಎಲ್ಲ ಕಂಪನಿಗಳಿಗೂ ಅರ್ಥವಾಗುವ ಮಾತು. ಅಲ್ಲಿಯವರೆಗೆ ನಿಮ್ಮ ಜೊತೆಗಿದ್ದು ಈಗಾಗಲೇ ಬಿಟ್ಟುಹೋದ ಸೀನಿಯರ್ ಸಾಕು. ಹಳೇ ಬಾಸ್ ಜೊತೆ ಜಗಳ ಆಡಿ ಬಿಟ್ಟಿದ್ದರೆ? ಅದೇ ಆಫೀಸಿನಲ್ಲಿ ನಿಮ್ಮ ಕೆಲಸ ಕಂಡ ಇನ್ನೊಬ್ಬರು ಇದ್ದೇ ಇರುತ್ತಾರೆ. ಜಗಳದ ವಿಷಯ ಕೇಳಿದರೆ ಎರಡು ವಾಕ್ಯದಲ್ಲಿ ಹೇಳಿ ನಿಲ್ಲಿಸಿ. ಹಳೇ ಬಾಸನ್ನು ಹತ್ತು ನಿಮಿಷ ಬೈಯುವವರನ್ನು ನೋಡಿದರೆ ಹೊಸ ಬಾಸ್‌ಗೆ ತನ್ನ ಸರದಿ ನೆನಪಾಗುತ್ತದೆ. ಎಷ್ಟೋ ದೊಡ್ಡ ಕಂಪನಿಗಳು ಕೆಲಸಕ್ಕೆ ಸೇರಿದ ದಿನ, ಬಿಟ್ಟ ದಿನ, ಹುದ್ದೆ, ಇಷ್ಟನ್ನು ಬಿಟ್ಟು ಅಧಿಕೃತವಾಗಿ ಬೇರೇನೂ ಹೇಳೋದಿಲ್ಲ ಅನ್ನೋದೂ ನೆನಪಿರಲಿ. ಹಾಗಾಗಿ ನಿಮ್ಮ ಕೆಲಸದ ಬಗ್ಗೆ ಮಾತಾಡುವ ವ್ಯಕ್ತಿಯನ್ನು ನೀವೇ ಬೇರೆಯಾಗಿ ಇಟ್ಟುಕೊಂಡಿರಬೇಕು.

ನರ್ಸಿಂಗ್ ಓದಿ ಹೊರದೇಶಕ್ಕೆ ಹೋಗಬೇಕು ಅನ್ನುವವರು ಎನ್.ಆರ್.ಪುರದ ಕಡೆಯೂ ಇದ್ದಾರೆ. ಅವರಿಗೆ ಒಂದು ವಿಶೇಷ ಮಾತು. ಬ್ರಿಟನ್ನಿನ ಎನ್‌ಎಚ್‌ಎಸ್‌ನಲ್ಲಿ ಕನಿಷ್ಠ ಹಿಂದಿನ ಮೂರು ವರ್ಷದ ಕೆಲಸ ಅಥವಾ ಓದಿನ ಇತಿಹಾಸ ದೃಢಪಡಬೇಕು, ನಡುವೆ ಬಿಟ್ಟಿದ್ದರೆ ಅದಕ್ಕೂ ವಿವರಣೆ ಬೇಕು. ಮಂಗಳೂರಿನಲ್ಲಿ ಒಂದು ವರ್ಷ, ಶಿವಮೊಗ್ಗದಲ್ಲಿ ಎಂಟು ತಿಂಗಳು ಅಂತ ಆಸ್ಪತ್ರೆ ಬದಲಾಯಿಸಿದವರು ಪ್ರತಿ ಕಡೆ ವಾರ್ಡ್ ಇನ್‌ಚಾರ್ಜ್ ಸಿಸ್ಟರ್ ಸಂಪರ್ಕ ಉಳಿಸಿಕೊಂಡಿರಬೇಕು. ಅವರ ವೈಯಕ್ತಿಕ ಜಿಮೇಲ್ ಸಾಲದು, ಆಸ್ಪತ್ರೆಯ ಅಧಿಕೃತ ಇ-ಮೇಲ್‌ನಿಂದ ಉತ್ತರ ಬರಬೇಕು ಅಂತ ಕೇಳುವುದೂ ಉಂಟು.

ಉಳಿಸಿಕೊಳ್ಳೋದು ಹೇಗೆ? ಕೆಲಸ ಬೇಕಾದಾಗ ಮಾತ್ರ 'ಹೇಗಿದ್ದೀರಾ ಸಾರ್' ಅಂತ ಫೋನ್ ಮಾಡಿದರೆ ಯಾರಿಗಾದರೂ ಗೊತ್ತಾಗುತ್ತೆ. ದಿನಾ ಬೆಳಿಗ್ಗೆ ಹೂವಿನ ಚಿತ್ರದ ಗುಡ್ ಮಾರ್ನಿಂಗ್ ಕಳಿಸೋದೂ ಸಂಪರ್ಕ ಅಲ್ಲ, ಅದು ಮ್ಯೂಟ್ ಆಗುವ ದಾರಿ. ವರ್ಷಕ್ಕೆ ಎರಡು ಸಲ ಸಾಕು. ದೀಪಾವಳಿಗೆ ಊರಿಗೆ ಬಂದಾಗ ಹತ್ತು ನಿಮಿಷ ಹೋಗಿ ಮಾತಾಡಿಸಿ ಬನ್ನಿ. ನೀವು ಏನು ಕಲಿತಿರಿ, ಎಲ್ಲಿದ್ದೀರಿ ಅಂತ ಹೇಳಿ. ಅವರ ಹೆಸರು ಕೊಟ್ಟ ಮೇಲೆ ಕೆಲಸ ಸಿಕ್ಕಿತೋ ಇಲ್ಲವೋ, ಅದನ್ನು ತಿಳಿಸಿ. ಸಿಕ್ಕಲಿಲ್ಲ ಅಂದರೂ ತಿಳಿಸಿ. ಹೆಚ್ಚಿನವರು ಬಿಡುವುದು ಇದನ್ನೇ. ಅವರು ನಿಮಗಾಗಿ ಹತ್ತು ನಿಮಿಷ ಫೋನಿನಲ್ಲಿ ಮಾತಾಡಿದ್ದಾರೆ, ಆ ಹುಡುಗಿಗೆ ಏನಾಯಿತು ಅನ್ನೋ ಕುತೂಹಲ ಅವರಿಗೆ ಇರುತ್ತೆ. ಐದು ವರ್ಷ ಹಳೆಯ ರೆಫರೆನ್ಸ್ ಆದರೆ ಹೊಸಬರನ್ನು ಸೇರಿಸಿಕೊಳ್ಳಿ, ಹಳಬರನ್ನು ಬಿಡಬೇಡಿ. ನಾಲ್ಕೈದು ಜನರ ಪಟ್ಟಿ ಕೈಯಲ್ಲಿದ್ದರೆ ಪ್ರತಿ ಅರ್ಜಿಗೂ ಒಬ್ಬರಿಗೇ ತೊಂದರೆ ಕೊಡೋದು ತಪ್ಪುತ್ತದೆ.

ಕೊನೆಗೆ, ಆ ಫೋನ್ ಎತ್ತಬೇಕಾದ ಹಿರಿಯರ ಹತ್ತಿರ ಎರಡು ಮಾತು. ರೈಟ್ರೇ, ಮೇಷ್ಟ್ರೇ, ಸೆಕ್ರೆಟರಿಗಳೇ, ನಿಮ್ಮ ಹೆಸರನ್ನು ಒಂದು ಮಗು ಕೇಳಿ ಹಾಕಿಕೊಂಡಿದ್ದರೆ ಆ ವಾರ ಗೊತ್ತಿಲ್ಲದ ನಂಬರ್ ಬಂದರೂ ಎತ್ತಿ. ಇಂಗ್ಲಿಷ್ ಬರದಿದ್ದರೆ 'ಕನ್ನಡದಲ್ಲಿ ಮಾತಾಡ್ತೀನಿ' ಅನ್ನಿ. ಮನೆತನ, ಜಾತಿ, ಮದುವೆ ಆಗಿದೆಯಾ ಇಲ್ವಾ ಅನ್ನೋದೆಲ್ಲ ಬೇಡ, ಅವರಿಗೆ ಬೇಕಾದ್ದು ನೀವು ಕಂಡ ಕೆಲಸ ಮಾತ್ರ. ಒಂದು ಕೊರತೆ ಕೇಳಿದರೆ ಇದ್ದದ್ದನ್ನೇ ಹೇಳಿ: 'ಮೊದಮೊದಲು ನಿಧಾನ ಇದ್ದ, ಆರು ತಿಂಗಳಲ್ಲಿ ಸರಿಯಾದ.' ಇದರಿಂದ ಹುಡುಗನಿಗೆ ನಷ್ಟ ಇಲ್ಲ, ಉಳಿದ ಹೊಗಳಿಕೆಗೆ ನಂಬಿಕೆ ಬರುತ್ತದೆ. ಫೋನ್ ಮಾಡಿದವರು ಹುಡುಗನ ಹೆಸರು, ಕಂಪನಿಯ ಹೆಸರು ಮೊದಲೇ ಹೇಳಬೇಕು, ಹೇಳದಿದ್ದರೆ ನೀವೇ ಕೇಳಿ. ದುಡ್ಡು, ಆಧಾರ್, ಬ್ಯಾಂಕ್ ವಿವರ, ಒಟಿಪಿ ಏನನ್ನಾದರೂ ಕೇಳಿದರೆ ಅದು ರೆಫರೆನ್ಸ್ ಕಾಲ್ ಅಲ್ಲ, ಅಲ್ಲೇ ಕಟ್ ಮಾಡಿ, ಹುಡುಗನಿಗೂ ಫೋನ್ ಮಾಡಿ ಎಚ್ಚರಿಸಿ. ಅವನೂ ಅದೇ ನಂಬರಿನ ಬಲೆಗೆ ಬಿದ್ದಿರಬಹುದು.